ಡಬ್ಬದ ಮೇಲೆ ಬರೆಯದೆ ಬಿಟ್ಟ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಸಣ್ಣ ಕಾರ್ಖಾನೆ ನಡೆಸುವವರು, ರಿಪೇರಿ ಅಂಗಡಿಯವರು, ಕೊರಿಯರ್ ಕೆಲಸದವರು ಇಲ್ಲಿ ಸೇರಿದ್ದೀರಿ. ವಿಮಾನದಲ್ಲಿ ಕಳುಹಿಸುವ ಲಿಥಿಯಂ ಬ್ಯಾಟರಿಗಳನ್ನು ಡಬ್ಬದಲ್ಲಿ ಕಟ್ಟುವ ಬಗೆಗೆ ಬರುವ ಮೊದಲು ಒಂದು ವಿಮಾನದ ಸುದ್ದಿ ಹೇಳಬೇಕು.

2010ರ ಸೆಪ್ಟೆಂಬರ್ 3ರ ಸಂಜೆ ಅಮೆರಿಕದ ಕೊರಿಯರ್ ಸಂಸ್ಥೆ ಯುಪಿಎಸ್‌ನ ಬೋಯಿಂಗ್ 747 ಸರಕು ವಿಮಾನ ದುಬೈನಿಂದ ಜರ್ಮನಿಯ ಕಲೋನ್‌ಗೆ ಹೊರಟಿತು. ಏರಿದ ಸುಮಾರು 22 ನಿಮಿಷಕ್ಕೆ ಬೆಂಕಿಯ ಗಂಟೆ ಹೊಡೆದುಕೊಂಡಿತು. ದುಬೈಗೆ ಮರಳುವ ದಾರಿಯಲ್ಲಿ ಹೊಗೆ ಎಷ್ಟು ದಟ್ಟವಾಯಿತೆಂದರೆ ಕಣ್ಣೆದುರಿನ ಉಪಕರಣಗಳೇ ಪೈಲಟ್‌ಗೆ ಕಾಣದಾದವು. ವಿಮಾನದಲ್ಲಿದ್ದ ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. ಲಿಥಿಯಂ ಬ್ಯಾಟರಿಗಳಿದ್ದ ಸರಕಿನಲ್ಲೇ ಬೆಂಕಿ ಹುಟ್ಟಿತೆಂದು ತನಿಖೆ ತೀರ್ಮಾನಿಸಿತು. ನನ್ನನ್ನು ಇಂದಿಗೂ ಕಾಡುವುದು ಆ ವರದಿಯ ಇನ್ನೊಂದು ಅಂಶ. ಅಪಾಯಕಾರಿ ಎಂದು ಘೋಷಿಸಲೇಬೇಕಾಗಿದ್ದ ಬ್ಯಾಟರಿಗಳು ಕನಿಷ್ಠ ಮೂರು ರವಾನೆಗಳಲ್ಲಿದ್ದವು. ಒಂದನ್ನೂ ಯಾರೂ ಘೋಷಿಸಿರಲಿಲ್ಲ.

ಈ ಬೆಂಕಿಯ ಸ್ವಭಾವವೇ ಬೇರೆ. ಬ್ಯಾಟರಿಯ ಒಂದು ಕೋಶದೊಳಗೆ, ಅಂದರೆ ಸೆಲ್‌ನೊಳಗೆ, ಶಾರ್ಟ್ ಆದರೆ ಬಿಸಿ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ, ಉರಿಯುವ ಅನಿಲ ಕಾರುತ್ತಾ, ಪಕ್ಕದ ಕೋಶವನ್ನೂ ಎಳೆದುಕೊಳ್ಳುತ್ತದೆ. ವಿಮಾನಗಳಲ್ಲಿ ಬಳಸುವ ಹೇಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಕೋಶದೊಳಗಿನ ಕಾವನ್ನು ಇಳಿಸಲಾರದು. ಆದ್ದರಿಂದಲೇ 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವಂತಿಲ್ಲ. ಸರಕು ವಿಮಾನದಲ್ಲೂ ಚಾರ್ಜ್ ಶೇಕಡಾ 30ನ್ನು ಮೀರಬಾರದು. ತುಂಬಿದ ಬ್ಯಾಟರಿ ಉರಿದಷ್ಟು ಉಗ್ರವಾಗಿ ಅರೆಬರೆ ತುಂಬಿದ್ದು ಉರಿಯುವುದಿಲ್ಲ.

ಇನ್ನು ಕಟ್ಟುವ ಕೆಲಸ. ವೋಲ್ಟ್‌ ಅನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ, ಅಂದರೆ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ, ಸಿಗುತ್ತದೆ. 36 ವೋಲ್ಟ್, 10 ಆಂಪಿಯರ್-ಗಂಟೆಯ ಸೈಕಲ್ ಬ್ಯಾಟರಿ ಎಂದರೆ 360. ನಿಯಮಗಳು ಬಿಗಿಯಾಗುವ 100ರ ಗೆರೆಯನ್ನು ಅದು ಎಂದೋ ದಾಟಿದೆ. ಪ್ರತಿ ಬ್ಯಾಟರಿಯೂ ತನ್ನದೇ ಒಳಚೀಲದಲ್ಲಿರಲಿ. ಒಂದರ ತುದಿ ಇನ್ನೊಂದಕ್ಕಾಗಲಿ, ಲೋಹಕ್ಕಾಗಲಿ ತಾಗಬಾರದು. ಪೂರ್ತಿ ಕಟ್ಟಿದ ಡಬ್ಬ 1.2 ಮೀಟರ್ ಎತ್ತರದಿಂದ ಬಿದ್ದರೂ ಒಳಗಿನದು ಅಲುಗದೆ, ಚೆಲ್ಲದೆ ಉಳಿಯಬೇಕು. ಇಂತಹ ಸರಕಿಗೆ ವಿಶ್ವಸಂಸ್ಥೆಯ, ಅಂದರೆ ಯುಎನ್‌ನ, ಗುರುತಿನ ಸಂಖ್ಯೆಗಳಿವೆ: ಬಿಡಿಯಾಗಿ ಹೋದರೆ ಯುಎನ್ 3480, ಯಂತ್ರದೊಳಗೆ ಅಥವಾ ಯಂತ್ರದ ಜೊತೆ ಹೋದರೆ 3481. ಕಂಪನ, ಒತ್ತಡ, ಉಷ್ಣದ ಯುಎನ್ 38.3 ಪರೀಕ್ಷೆಗಳಲ್ಲಿ ಗೆದ್ದ ದಾಖಲೆಯನ್ನು ತಯಾರಕರಿಂದ ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ.

ರಿಪೇರಿ ಅಂಗಡಿಯವರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಉಬ್ಬಿದ, ಜಜ್ಜಿದ, ಬಿಸಿಯಾಗುತ್ತಿದೆಯೆಂದು ಗ್ರಾಹಕರು ತಂದುಕೊಟ್ಟ ಬ್ಯಾಟರಿ ಕಂಪನಿಗೆ ವಾಪಸ್ ಹೋಗಬೇಕು ನಿಜ, ಆದರೆ ವಿಮಾನದಲ್ಲಿ ಅಲ್ಲ. ಎಷ್ಟೇ ಚೆನ್ನಾಗಿ ಕಟ್ಟಿದರೂ ಅಲ್ಲ. ಅಂತಹದೊಂದು ಉಬ್ಬಿದ ಬ್ಯಾಟರಿ 'ಬಿಡಿಭಾಗ' ಎಂಬ ಚೀಟಿ ಹೊತ್ತು ಬಂದದ್ದನ್ನು ನಾನು ನೋಡಿದ್ದೇನೆ. ಕಳುಹಿಸಿದವರು ಕೆಟ್ಟವರಲ್ಲ, ಅವಸರದಲ್ಲಿದ್ದರು ಅಷ್ಟೆ. ಆದರೂ ಆ ಚೀಟಿಯನ್ನು ನಾನು ಸುಳ್ಳೆಂದೇ ಕರೆಯುತ್ತೇನೆ.

ಯಾಕೆಂದರೆ ಹೊರಡುವ ಮುನ್ನ ಕ್ಯಾಪ್ಟನ್ ಕೈಗೆ ಒಂದು ಹಾಳೆ ಬರುತ್ತದೆ: ಯಾವ ಅಪಾಯಕಾರಿ ಸರಕು, ಎಷ್ಟು, ವಿಮಾನದ ಯಾವ ಭಾಗದಲ್ಲಿ. ನಾವು ಘೋಷಿಸಿದ್ದು ಮಾತ್ರ ಅದರಲ್ಲಿರುತ್ತದೆ.

ಈ ಮೇಜಿನ ಮೇಲೆ ಖಾಲಿ ಡಬ್ಬ, ಒಳಚೀಲ, ಲೇಬಲ್‌ಗಳನ್ನು ಇಟ್ಟಿದ್ದೇನೆ. ನಾಲ್ಕು ನಾಲ್ಕು ಜನ ಮುಂದೆ ಬನ್ನಿ, ಕೈಯಾರೆ ಕಟ್ಟೋಣ.