ಹತ್ತು ಬಾಟಲಿ ಜೇನುತುಪ್ಪ ಎಷ್ಟು ಕಿಲೋ?

(ಚಿಕ್ಕಮಗಳೂರಿನಲ್ಲಿ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಎದುರು ಮಾಡಿದ ಉಪನ್ಯಾಸ)

ಶಿಕ್ಷಕ ಮಿತ್ರರೇ, ಸಾಂದ್ರತೆಯ, ಎಂದರೆ ಒಂದು ಲೀಟರಿಗೆ ಎಷ್ಟು ಕಿಲೋ ಎಂಬುದರ, ಸೂತ್ರವನ್ನು ನಿಮಗೆ ಹೇಳಿಕೊಡಲು ನಾನು ಬಂದಿಲ್ಲ. ವರ್ಷಗಟ್ಟಲೆ ಅದನ್ನು ಕರಿಹಲಗೆಯ ಮೇಲೆ ಬರೆದವರು ನೀವು. ಆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದ ಮಕ್ಕಳೇ ಮನೆಗೆ ಹೋಗಿ ಲೀಟರೂ ಕಿಲೋವೂ ಒಂದೇ ಎನ್ನುತ್ತಾರಲ್ಲ, ಆ ಸಂಕಟ ನನ್ನನ್ನು ಇಲ್ಲಿಗೆ ಕರೆತಂದಿದೆ.

ನಮ್ಮ ಚಿಕ್ಕಮ್ಮನ ಮನೆ ಮೂಡಿಗೆರೆಯ ಕಡೆ. ಕಾಫಿ ತೋಟದ ಅಂಚಿನಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದರು. ಒಮ್ಮೆ ಪೇಟೆಯ ವ್ಯಾಪಾರಿಯೊಬ್ಬರು ಹತ್ತು ಕಿಲೋ ಜೇನುತುಪ್ಪ ಕೇಳಿದರು. ಮನೆಯಲ್ಲಿ ತಕ್ಕಡಿ ಇರಲಿಲ್ಲ. ಚಿಕ್ಕಮ್ಮ ಒಂದು ಲೀಟರಿನ ಹತ್ತು ಬಾಟಲಿಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ತುಂಬಿಸಲು ಕುಳಿತರು. ತುಪ್ಪ ನೂಲಿನಂತೆ ಇಳಿಯುತ್ತಿತ್ತು. ಒಂದು ಹನಿಯೂ ಪೋಲಾಗದಂತೆ ಪ್ರತಿ ಬಾಟಲಿಯ ಬಾಯಿಯನ್ನು ಬೆರಳಿನಿಂದ ಒರೆಸಿ ಒಳಗೆ ಬಿಡುತ್ತಿದ್ದರು. ಹನಿ ಚೆಲ್ಲಲಿಲ್ಲ, ನಾಲ್ಕು ಕಿಲೋ ಹೋಯಿತು! ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋ ತೂಗುತ್ತದೆ, ಹತ್ತು ಬಾಟಲಿಗೆ ಹದಿನಾಲ್ಕು ಕಿಲೋ. ಏಳು ಬಾಟಲಿ ತುಂಬಿ, ಎಂಟನೆಯದಕ್ಕೆ ಒಂದಿಷ್ಟು ಸುರಿದಿದ್ದರೆ ಹತ್ತು ಕಿಲೋ ಆಗುತ್ತಿತ್ತು. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ದ್ರವ್ಯರಾಶಿ ಎಂದರೆ ಸಾಂದ್ರತೆ ಗುಣಿಸು ಗಾತ್ರ ಎಂಬುದು ಬಾಯಿಪಾಠವಾಗಿತ್ತು. ಆ ಬಾಟಲಿಗಳನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹೊತ್ತವನು ನಾನು.

ಲೀಟರ್ ಎಂದರೆ ದ್ರವ ಹಿಡಿದ ಜಾಗ, ಕಿಲೋ ಎಂದರೆ ಆ ಜಾಗದಲ್ಲಿರುವ ವಸ್ತು. ನೀರಿನಲ್ಲಿ ಎರಡರ ಅಂಕಿಯೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ನಾವು ಪಾಠವನ್ನು ನೀರಿನಿಂದ ಶುರುಮಾಡಿ ನೀರಿನಲ್ಲೇ ಮುಗಿಸುತ್ತೇವೆ. ಗೊಂದಲ ಹುಟ್ಟುವುದೇ ಅಲ್ಲಿ.

ಹಾಲಿಗೆ ಬನ್ನಿ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ 28 ತೋರಿಸಿದರೆ ಸಾಂದ್ರತೆ ಲೀಟರಿಗೆ 1.028 ಕಿಲೋ. ನಲವತ್ತು ಲೀಟರಿನ ಕ್ಯಾನಿನಲ್ಲಿ 41.12 ಕಿಲೋ ಹಾಲಿದೆ. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದವನು ಅಂಕಿಯನ್ನು ಇದ್ದಲ್ಲೇ ನಿಲ್ಲಿಸಬಲ್ಲ. ಜಿಡ್ಡಿನ ಪರೀಕ್ಷೆ ಬೇಕಾಗುವುದು ಅದಕ್ಕೇ. ಹಾಲು ಹಾಕುವ ಮನೆಯ ಮಗುವಿಗೆ ಇದು ತಿಳಿಯದಿದ್ದರೆ ನಮ್ಮ ಪಾಠ ಯಾರಿಗಾಗಿ?

ಚೀಟಿ ಬಂದಿದೆ, ಐದೇ ನಿಮಿಷವಂತೆ. ಉಷ್ಣತೆಯ ವಿಷಯ ದೊಡ್ಡದು, ಇಷ್ಟೇ ಹೇಳುತ್ತೇನೆ: ಎಣ್ಣೆ ಕಾದರೆ ಹಿಗ್ಗುತ್ತದೆ, ಸಾಂದ್ರತೆ ಇಳಿಯುತ್ತದೆ, ದ್ರವ್ಯರಾಶಿ ಬದಲಾಗುವುದಿಲ್ಲ. ಅಡುಗೆ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ಟಿನ ಮೇಲೆ 910 ಗ್ರಾಂ ಎಂದು ಅಚ್ಚಾಗಿರುತ್ತದೆ. ನಾಳೆ ಅದನ್ನು ತರಗತಿಗೆ ತನ್ನಿ. ಏಕಮಾನದಲ್ಲಿ ಎಚ್ಚರವಿರಲಿ: ಸಾಂದ್ರತೆಯನ್ನು ಘನ ಮೀಟರಿಗೆ ಇಷ್ಟು ಕಿಲೋ ಎಂದು ಕೊಟ್ಟಿದ್ದರೆ 1000ದಿಂದ ಭಾಗಿಸಿ, ಆಮೇಲೆ ಲೀಟರಿನಿಂದ ಗುಣಿಸಿ.

ಉಳಿದದ್ದನ್ನು ಬಿಡುತ್ತೇನೆ. ಮೇಜಿನ ಮೇಲೆ ಎರಡು ಬಾಟಲಿಗಳಿವೆ, ಅಳತೆ ಒಂದೇ, ಎರಡಕ್ಕೂ ಕಾಗದ ಸುತ್ತಿದ್ದೇನೆ. ಹಿಂದಿನ ಸಾಲಿನ ಮೇಡಂ, ನೀವು ಬನ್ನಿ. ಕೈಗೊಂದು ಎತ್ತಿ ನೋಡಿ, ಜೇನುತುಪ್ಪ ಯಾವುದರಲ್ಲಿದೆ ಎಂದು ನೀವೇ ಹೇಳಿ.