ಅಂಟು ಯಾರು ಕೊಡುತ್ತಾರೆ? ಲೇಸರ್‌ಡಿಸ್ಕ್ ಮತ್ತೆ ಅಚ್ಚಾಗುವ ಮಾತು

ಎಲ್ಲರಿಗೂ ನಮಸ್ಕಾರ. ಎರಡನೇ ಸಾಲಿನಲ್ಲಿ ಯಾರೋ ಒಂದು ಲೇಸರ್‌ಡಿಸ್ಕ್ ತಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾರೆ. ಒಳ್ಳೆಯದಾಯಿತು, ವಿವರಣೆ ಉಳಿಯಿತು. ನಮ್ಮಲ್ಲಿ ಜಾಸ್ತಿ ಜನ ನೋಡಿದ್ದು ವಿಸಿಡಿ. ಇದು ಅದರ ದೊಡ್ಡಣ್ಣ, ಲೇಸರ್ ಬೆಳಕಿನಿಂದ ಓದುವ ಸಿನಿಮಾ ತಟ್ಟೆ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂತು. 2009ರ ಜನವರಿಯಲ್ಲಿ ಪಯನೀರ್ ಕಂಪನಿ ಪ್ಲೇಯರ್ ತಯಾರಿಕೆ ನಿಲ್ಲಿಸುತ್ತೇವೆ ಎಂದಿತು. ಅಲ್ಲಿಗೆ ಕಥೆ ಮುಗಿಯಿತು.

ಆದರೆ ಹವ್ಯಾಸಿಗಳು ಬಿಡುತ್ತಾರಾ? ಹತ್ತು ಜನ ಸೇರಿದರೆ ಒಬ್ಬರಾದರೂ ಕೇಳುತ್ತಾರೆ. “ಎಲ್‌ಪಿ ರೆಕಾರ್ಡ್ ವಾಪಸ್ ಬಂತು, ಕ್ಯಾಸೆಟ್ ಬಂತು. ಇದನ್ನೂ ನಾವೇ ದುಡ್ಡು ಹಾಕಿ ಅಚ್ಚು ಮಾಡಿಸಿದರೆ ಆಗಲ್ವಾ?” ನಾನು ತಿರುಗಿಸಿ ಕೇಳುವುದು ಒಂದೇ. ಸರಿ ಸ್ವಾಮಿ, ಅಂಟು ಯಾರು ಕೊಡುತ್ತಾರೆ?

ನಗಬೇಡಿ. ಈ ಡಿಸ್ಕ್ ಒಂದಲ್ಲ, ಎರಡು. 30 ಸೆಂಟಿಮೀಟರ್ ಅಗಲದ ಎರಡು ಅಕ್ರಿಲಿಕ್ ಹಾಳೆಗಳು. ಪ್ರತಿ ಹಾಳೆಯ ಒಳಮೈಗೆ ತೆಳುವಾದ ಅಲ್ಯೂಮಿನಿಯಂ ಲೇಪ. ಆಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಅಂಟಿಸುತ್ತಾರೆ. ಅಂಟು ಸರಿಯಿಲ್ಲದಿದ್ದರೆ ಅಲ್ಯೂಮಿನಿಯಂ ನಿಧಾನವಾಗಿ ಕೆಡುತ್ತದೆ, ಚಿತ್ರದ ತುಂಬ ಬಣ್ಣಬಣ್ಣದ ಚುಕ್ಕೆ ಏಳುತ್ತದೆ. ಲೇಸರ್ ರಾಟ್ ಅಂತ ನಾವೆಲ್ಲ ಬೈಯುವುದು ಇದನ್ನೇ. ದೊಡ್ಡ ದೊಡ್ಡ ಕಾರ್ಖಾನೆಗಳಿಗೇ ಈ ಅಂಟು ಕೈಕೊಟ್ಟಿದೆ. ಗ್ಯಾರೇಜಿನಲ್ಲಿ ಕೂತ ನಮಗೆ ಒಲಿಯುತ್ತದೆಯೇ?

ಯಂತ್ರದ ಮಾತಿಗೆ ಬರೋಣ. ಸಿಡಿ ಅಚ್ಚು ಹಾಕುವ ಯಂತ್ರಕ್ಕೆ ಸೂಕ್ಷ್ಮತೆ ಇದೆ, ಆದರೆ ಅದರ ಅಚ್ಚು 12 ಸೆಂಟಿಮೀಟರಿನದು. ಎಲ್‌ಪಿ ಒತ್ತುವ ಯಂತ್ರ 30 ಸೆಂಟಿಮೀಟರ್ ಒತ್ತುತ್ತದೆ, ಆದರೆ ಅದು ಕಣ್ಣಿಗೆ ಕಾಣುವಂಥ ಗೀರಿನ ಕೆಲಸ. ಲೇಸರ್‌ಡಿಸ್ಕ್‌ನಲ್ಲಿ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದು ಎರಡು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತ ಕಡಿಮೆ. ಸಾಲದ್ದಕ್ಕೆ ಚಿತ್ರ ಅನಲಾಗ್, ಅಂದರೆ ಸಿಡಿಯ ಹಾಗೆ ಅಂಕಿಗಳಲ್ಲಿ ಬರೆದದ್ದಲ್ಲ. ಸಿಡಿಯಲ್ಲಾದರೆ ಸಣ್ಣ ತಪ್ಪನ್ನು ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ಇಲ್ಲಿ ಆ ಸೌಕರ್ಯ ಇಲ್ಲ. ಧೂಳು ಕೂತರೆ ಧೂಳು ಪರದೆ ಮೇಲೆಯೇ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಕಾರ್ಸನ್‌ನಲ್ಲಿದ್ದ ಮೊದಲ ಕಾರ್ಖಾನೆ ಒದ್ದಾಡಿದ್ದೇ ಹೀಗೆ.

“ಪೋಲರಾಯ್ಡ್ ಉಳಿಸಲಿಲ್ವಾ?” ಅಂತೀರಿ. ಆ ಕಥೆ ನನಗೆ ಬಹಳ ಇಷ್ಟ, ಸ್ವಲ್ಪ ಉದ್ದ ಹೇಳುತ್ತೇನೆ, ತಡೆಯಬೇಡಿ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಎನ್‌ಶೆಡೆಯಲ್ಲಿದ್ದ ಪೋಲರಾಯ್ಡ್ ಫಿಲ್ಮ್ ಕಾರ್ಖಾನೆ, ಅಂದರೆ ತೆಗೆದ ಕೂಡಲೇ ಕೈಗೆ ಫೋಟೋ ಕೊಡುವ ಫಿಲ್ಮ್ ಮಾಡುತ್ತಿದ್ದ ಕಾರ್ಖಾನೆ, ಬಾಗಿಲು ಹಾಕುತ್ತಿತ್ತು. ಬೀಳ್ಕೊಡುಗೆ ಸಮಾರಂಭಕ್ಕೆ ಫ್ಲೋರಿಯನ್ ಕಾಪ್ಸ್ ಎಂಬ ಆಸ್ಟ್ರಿಯಾದ ಅಭಿಮಾನಿ ಹೋದರು. ಅಲ್ಲಿ ಆಂದ್ರೆ ಬೋಸ್ಮನ್ ಸಿಕ್ಕರು. ಅದೇ ಕಾರ್ಖಾನೆಯ ಎಂಜಿನಿಯರಿಂಗ್ ನೋಡಿಕೊಳ್ಳುತ್ತಿದ್ದವರು. ಇಬ್ಬರೂ ಮಾತಿಗೆ ಕೂತರು. ಯಂತ್ರಗಳು ಗುಜರಿಗೆ ಹೋಗುವುದರೊಳಗೆ ಕೊಂಡರು, ಕಟ್ಟಡ ಬಾಡಿಗೆಗೆ ಹಿಡಿದರು, ಹಳೆಯ ಕೆಲಸಗಾರರಲ್ಲಿ ಕೆಲವರನ್ನು ಉಳಿಸಿಕೊಂಡರು. ಇಂಪಾಸಿಬಲ್ ಪ್ರಾಜೆಕ್ಟ್ ಅಂತ ಹೆಸರಿಟ್ಟರು. ಯಂತ್ರ ಇತ್ತು, ಜನ ಇದ್ದರು, ಮತ್ತೇನು ಬೇಕು? ಹಳೆಯ ರಾಸಾಯನಿಕಗಳು ಮಾರುಕಟ್ಟೆಯಲ್ಲೇ ಇರಲಿಲ್ಲ! ಫಾರ್ಮುಲಾ ಹೊಸದಾಗಿ ಕಟ್ಟಬೇಕಾಯಿತು. 2010ರಲ್ಲಿ ಮೊದಲ ಫಿಲ್ಮ್ ಬಂತು. ಫೋಟೋ ಹೊರಗೆ ಬಂದ ಕೂಡಲೇ ಬೆಳಕು ತಾಗದಂತೆ ಕೈ ಅಡ್ಡ ಹಿಡಿಯಬೇಕಿತ್ತು. ಅಭಿಮಾನಿಗಳು ಅದನ್ನೂ ಸಹಿಸಿಕೊಂಡರು, ಪುಣ್ಯಾತ್ಮರು. ಅದು ಬದುಕಿದ್ದು ಯಂತ್ರ ಇನ್ನೂ ನಿಂತಿದ್ದಾಗ ಒಬ್ಬರು ಬಂದಿದ್ದರಿಂದ. ಲೇಸರ್‌ಡಿಸ್ಕ್‌ಗೆ ಯಾರೂ ಹಾಗೆ ಬರಲಿಲ್ಲ. ಈಗ ಹೋದರೆ ಯಂತ್ರವೂ ಇಲ್ಲ, ಬೋಸ್ಮನ್ನೂ ಇಲ್ಲ, ಅಂಟೂ ಇಲ್ಲ.

ಎಲ್‌ಪಿ ಪೂರ್ತಿ ಸತ್ತೇ ಇರಲಿಲ್ಲ, ಆ ಹೋಲಿಕೆ ಬಿಡಿ. ಅದಕ್ಕೂ ಗಂಡಾಂತರ ತಪ್ಪಿಲ್ಲ. ಮೂಲ ಅಚ್ಚು ಕೊರೆಯುವ ಲ್ಯಾಕರ್ ತಟ್ಟೆ ಮಾಡುತ್ತಿದ್ದದ್ದು ಜಗತ್ತಿನಲ್ಲೇ ಎರಡು ಕಡೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಪೊಲೊ ಮಾಸ್ಟರ್ಸ್ ಸುಟ್ಟುಹೋಯಿತು. ಉಳಿದದ್ದು ಜಪಾನಿನದೊಂದೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆರ್‌ಸಿಎ ಕಂಪನಿಯ ಸಿಇಡಿ, ಅಂದರೆ ಮುಳ್ಳು ಹಾಕಿ ವಿಡಿಯೊ ಓದುವ ಡಿಸ್ಕ್, ಅದರ ಬಗ್ಗೆ ಮೂರು ಪುಟ ಬರೆದುಕೊಂಡು ಬಂದಿದ್ದೆ. ಒಂದೇ ಮಾತು ಹೇಳುತ್ತೇನೆ. 1981ರಲ್ಲಿ ಬಿಟ್ಟರು, 1984ರಲ್ಲಿ ಪ್ಲೇಯರ್ ನಿಲ್ಲಿಸಿದರು, 50 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡರು. ಅದನ್ನೂ ಎಬ್ಬಿಸುತ್ತೇವೆ ಅನ್ನುವವರು ದಯವಿಟ್ಟು ಚಹಾ ಹೊತ್ತಿಗೆ ಸಿಗಿ.

ಹಾಗಾದರೆ ಹವ್ಯಾಸಿಗಳು ಸುಮ್ನೆ ಕೂರಬೇಕಾ? ಇಲ್ಲ. 1986ರಲ್ಲಿ ಬಿಬಿಸಿ ಇಡೀ ಬ್ರಿಟನ್ನಿನ ಚಿತ್ರ, ಬರಹಗಳನ್ನು ಲೇಸರ್‌ಡಿಸ್ಕ್‌ನಲ್ಲಿ ತುಂಬಿಸಿತ್ತು, ಡೋಮ್ಸ್‌ಡೇ ಪ್ರಾಜೆಕ್ಟ್ ಅಂತ. ಸ್ವಲ್ಪ ವರ್ಷಕ್ಕೆ ಅದನ್ನು ಓದುವ ಯಂತ್ರ ಸಿಗುವುದೇ ಕಷ್ಟವಾಯಿತು. ಹವ್ಯಾಸಿಗಳು ಡೋಮ್ಸ್‌ಡೇ ಡ್ಯೂಪ್ಲಿಕೇಟರ್ ಎಂಬ ಸಣ್ಣ ಬೋರ್ಡ್ ಮಾಡಿದರು. ಪ್ಲೇಯರಿನ ಲೇಸರ್ ಓದಿದ ಕಚ್ಚಾ ಸಿಗ್ನಲ್ಲನ್ನು ಅದು ಹಾಗೆಯೇ ಕಂಪ್ಯೂಟರಿಗೆ ಇಳಿಸುತ್ತದೆ. ಮಿಕ್ಕಿದ್ದನ್ನು ಎಲ್‌ಡಿ-ಡಿಕೋಡ್ ಎಂಬ ತಂತ್ರಾಂಶ ಮಾಡುತ್ತದೆ. ಒಂದೇ ಡಿಸ್ಕಿನ ಮೂರ್ನಾಲ್ಕು ಪ್ರತಿ ಸಿಕ್ಕರೆ, ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದರಿಂದ ತುಂಬಿಕೊಳ್ಳಬಹುದು. ಇದು ನಮ್ಮ ಕೈಲಾಗುವ ಕೆಲಸ.

ಎರಡನೇ ಸಾಲಿನವರೇ, ನಿಮ್ಮ ಡಿಸ್ಕ್ ಸ್ವಲ್ಪ ಕೊಡಿ. ಚುಕ್ಕೆ ಶುರುವಾಗಿದ್ದರೂ ಪರವಾಗಿಲ್ಲ. ಇದೇ ಡಿಸ್ಕ್ ಮನೆಯಲ್ಲಿ ಇನ್ನು ಯಾರ ಹತ್ತಿರ ಇದೆ, ಕೈ ಎತ್ತಿ.