ಹೊಟ್ಟೆಯೊಳಗಿನ ನೀರು ಎಲ್ಲಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಲಂಗದ ಲಾಡಿ ಬಿಗಿಯಾಗುತ್ತದೆ. ನಾಲ್ಕು ತುತ್ತು ಉಂಡರೆ ಸಾಕು, ಹೊಟ್ಟೆ ತುಂಬಿತು ಅನ್ನಿಸುತ್ತದೆ. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದು ಸುಮ್ಮನಾಗುತ್ತಾರೆ ನಮ್ಮ ಹೆಂಗಸರು. ಬಹಳ ಸಲ ಅದು ಗ್ಯಾಸೇ, ನಿಜ. ಆದರೆ ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಹಾಗೆ ಉಬ್ಬುವುದು ಎಷ್ಟೋ ಸಲ ನೀರಿನಿಂದ. ಆ ನೀರಿನ ಮೂಲ ಹುಡುಕುತ್ತಾ ಹೋದರೆ ಒಂದು ಜೀನ್, ಅಂದರೆ ಪ್ರೋಟೀನ್ ತಯಾರಿಸಲು ಕೋಶಕ್ಕೆ ಸೂಚನೆ ಕೊಡುವ ವಂಶವಾಹಿ, ಸಿಗುತ್ತದೆ. ಇವತ್ತು ಅದರ ಕಥೆ ಹೇಳುತ್ತೇನೆ.

ನಮ್ಮ ಕಣ್ಣಿನ ಜೀವಕೋಶದಲ್ಲೂ ಚರ್ಮದ ಜೀವಕೋಶದಲ್ಲೂ ಇರುವುದು ಅವೇ ಜೀನ್‌ಗಳು. ಯಾವ ಕೋಶ ಯಾವ ಜೀನನ್ನು ಬಳಸುತ್ತದೆ, ಎಷ್ಟು ಬಳಸುತ್ತದೆ ಅನ್ನುವುದರಲ್ಲೇ ವ್ಯತ್ಯಾಸ. ಇದನ್ನೇ ಜೀನ್ ಅಭಿವ್ಯಕ್ತಿ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ.

1971ರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಒಂದು ಮಾತು ಹೇಳಿದರು: ಹೊಸ ರಕ್ತನಾಳ ಬೆಳೆಸಿಕೊಳ್ಳದೆ ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲಾರದು. ಆಗ ನಂಬಿದವರು ಕಡಿಮೆ. ಆದರೆ ಯೋಚಿಸಿ, ಗಡ್ಡೆಯ ಒಳಭಾಗಕ್ಕೂ ಆಮ್ಲಜನಕ ಬೇಕಲ್ವಾ? ಅದು ಸಾಲದೆ ಬಂದಾಗ ಕೋಶದೊಳಗೆ ಎಚ್‌ಐಎಫ್ ಅನ್ನುವ ಪ್ರೋಟೀನ್ ನಾಶವಾಗದೆ ಉಳಿದುಕೊಂಡು, ವಿಇಜಿಎಫ್ ಅನ್ನುವ ಜೀನನ್ನು ಜೋರಾಗಿ ಕೆಲಸಕ್ಕೆ ಹಚ್ಚುತ್ತದೆ. ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಹೀಗೆ ಗುರುತಿಸುವ ಬಗೆಯನ್ನು ಬಿಡಿಸಿದವರಿಗೇ 2019ರ ವೈದ್ಯಕೀಯ ನೊಬೆಲ್ ಬಂದಿದ್ದು. ಆ ಜೀನಿನಿಂದ ತಯಾರಾಗುವ ವಿಇಜಿಎಫ್ ಪ್ರೋಟೀನ್ ಕೋಶದಿಂದ ಹೊರಗೆ ಹೋಗಿ ಅಕ್ಕಪಕ್ಕದ ರಕ್ತನಾಳಗಳಿಗೆ ಹೊಸ ಕವಲು ಒಡೆಸುತ್ತದೆ.

ಅಂಡಾಶಯಕ್ಕೆ ಇದೇನೂ ಹೊಸದಲ್ಲ. ತಿಂಗಳು ತಿಂಗಳೂ ಅಂಡ ಹೊರಬಿದ್ದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆಯುತ್ತದೆ. ಅದಕ್ಕೆ ಕೆಲವೇ ದಿನಗಳಲ್ಲಿ ರಕ್ತನಾಳದ ಬಲೆಯೇ ಮೂಡುತ್ತದೆ, ಬಸಿರು ನಿಲ್ಲದಿದ್ದರೆ ಗಂಟೂ ಕರಗುತ್ತದೆ, ಬಲೆಯೂ ಕರಗುತ್ತದೆ. ಬೆಳೆದ ದೇಹದಲ್ಲಿ ಗಾಯ ಮಾಯುವಾಗ, ಗರ್ಭಕೋಶದ ಒಳಪದರ ಬೆಳೆಯುವಾಗ, ಹೀಗೆ ಕೆಲವು ಕಡೆ ಮಾತ್ರ ಹೊಸ ನಾಳ ಹುಟ್ಟುವುದು. ನನಗಂತೂ ಇದು ಪ್ರತಿ ಸಲವೂ ಅಚ್ಚರಿಯೇ. ಕ್ಯಾನ್ಸರ್‌ನಲ್ಲಿ ಜೀನ್ ಅದೇ, ಆದರೆ ಸಾಕು ಅನ್ನುವ ಸೂಚನೆ ಬರುವುದಿಲ್ಲ.

ಇನ್ನು ನೀರಿನ ವಿಷಯ. 1983ರಲ್ಲಿ ಬಾಸ್ಟನ್ನಿನಲ್ಲೇ ವಿಜ್ಞಾನಿ ಹೆರಾಲ್ಡ್ ಡ್ವೊರಾಕ್ ಅವರ ತಂಡ ಗಡ್ಡೆ ಇದ್ದ ಗಿನಿ ಇಲಿಗಳ ಹೊಟ್ಟೆಯಲ್ಲಿ ತುಂಬುವ ನೀರನ್ನು ಪರೀಕ್ಷಿಸಿ, ಗಡ್ಡೆಯ ಕೋಶಗಳು ರಕ್ತನಾಳ ಸೋರುವಂತೆ ಮಾಡುವ ಒಂದು ವಸ್ತುವನ್ನು ಬಿಡುತ್ತವೆ ಅಂತ ತೋರಿಸಿತು. 1989ರಲ್ಲಿ ಇನ್ನೊಬ್ಬ ವಿಜ್ಞಾನಿ ನೆಪೋಲಿಯೋನೆ ಫೆರಾರಾ ನಾಳ ಬೆಳೆಸುವ ವಸ್ತುವನ್ನು ಬೇರ್ಪಡಿಸಿದರು. ನೋಡಿದರೆ ಎರಡೂ ಒಂದೇ! ಗಡ್ಡೆಗೆ ರಕ್ತ ತರಿಸುವ ವಿಇಜಿಎಫ್ ನಾಳದ ಗೋಡೆಯನ್ನೂ ಸಡಿಲ ಮಾಡುತ್ತದೆ, ಅಲ್ಲಿಂದ ದ್ರವ ಜಿನುಗಿ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಈ ವಿಇಜಿಎಫ್ ಅನ್ನು ಹಿಡಿದು ನಿಲ್ಲಿಸುವ ಔಷಧಿ ಬೆವಾಸಿಜುಮ್ಯಾಬ್, ಡ್ರಿಪ್ ಮೂಲಕ ಕೊಡುತ್ತಾರೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಕೀಮೋ ಜೊತೆ ಕೊಟ್ಟು, ಆಮೇಲೂ ಮುಂದುವರಿಸಿದ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ರೋಗ ಮತ್ತೆ ಬೆಳೆಯುವುದು ಸುಮಾರು 10 ತಿಂಗಳಿಂದ 14 ತಿಂಗಳಿಗೆ ಮುಂದೆ ಹೋಯಿತು. ಒಟ್ಟು ಆಯುಸ್ಸು ಎಲ್ಲರಿಗೂ ಹೆಚ್ಚಲಿಲ್ಲ, ಅದನ್ನೂ ಹೇಳಲೇಬೇಕು. ಈ ಔಷಧಿಯಿಂದ ಬಿಪಿ ಏರಬಹುದು. ಗಾಯ ಮಾಯುವುದಕ್ಕೂ ವಿಇಜಿಎಫ್ ಬೇಕಾದ್ದರಿಂದ ಆಪರೇಷನ್ ಆಸುಪಾಸಿನಲ್ಲಿ ಈ ಔಷಧಿ ಕೊಡುವುದಿಲ್ಲ. ಆದರೆ ಕೀಮೋಗೆ ಜಗ್ಗದೆ ರೋಗ ಮರಳಿದ ಹೆಂಗಸರಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಸುವ ಕಷ್ಟ ತುಂಬಾ ಕಡಿಮೆಯಾಗಿದ್ದು ಕಂಡಿತು. ಆ ನೀರಿನ ಭಾರ ಹೊತ್ತು ಮಲಗಲೂ ಆಗದೆ ಕೂರಲೂ ಆಗದೆ ಇದ್ದವರಿಗೆ ಅದು ಸಣ್ಣ ಮಾತಲ್ಲ.

ಕೇಳುತ್ತಿರುವ ಅಕ್ಕಂದಿರೇ, ಅಮ್ಮಂದಿರೇ, ಹೊಟ್ಟೆ ಉಬ್ಬುವುದು, ಬೇಗ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಇವು ಹೊಸದಾಗಿ ಶುರುವಾಗಿ ವಾರಗಟ್ಟಲೆ ಬಿಡದಿದ್ದರೆ, ಅದರಲ್ಲೂ ಮುಟ್ಟು ನಿಂತ ಮೇಲೆ, ಕಷಾಯ ಪಕ್ಕಕ್ಕಿಟ್ಟು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಹೊಟ್ಟೆಯ ಸ್ಕ್ಯಾನಿಂಗ್ ಬೇಕಾ ಅಂತ ನೀವಾಗಿಯೇ ಕೇಳಿ. ನಮಸ್ಕಾರ.